ಅಗ್ಗದ ‘ನಕಲು’ ಆರ್ಡುಯಿನೋ ಕಳ್ಳಮಾಲೇ? ತೆರೆದ ಯಂತ್ರಾಂಶದ ಒಳಗುಟ್ಟು

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿ ಮಳೆ ಕಡಿಮೆ ಬೀಳುವ ಬಯಲುಸೀಮೆ. ಇಲ್ಲಿನ ತೆಂಗು, ಅಡಿಕೆ ತೋಟಗಳಿಗೆ ಕೊಳವೆಬಾವಿಯೇ ಆಸರೆ. ಕರೆಂಟು ಬಂದಾಗ ಮೋಟರ್ ಶುರುವಾಗಬೇಕು, ಬಾವಿಯಲ್ಲಿ ನೀರು ನಿಂತರೆ ಅದು ಸುಡುವ ಮೊದಲೇ ಆಫ್ ಆಗಬೇಕು. ಈಗಿರುವ ಸ್ಟಾರ್ಟರ್ ಪೆಟ್ಟಿಗೆಗೆ ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡ್, ರಿಲೇ ಮತ್ತು ಸೆನ್ಸರ್ ಸೇರಿಸಿದರೆ ಈ ಕೆಲಸ ಆಗುತ್ತದೆ. ಅಂಥ ಬೋರ್ಡ್ ಕೊಳ್ಳಲು ಹೋದಾಗ ಒಂದೇ ರೂಪದ ಎರಡು ಸಿಗುತ್ತವೆ, ಒಂದು ದುಬಾರಿ, ಇನ್ನೊಂದು ಅಗ್ಗ. ಅಗ್ಗದ್ದು ಕಳ್ಳಮಾಲೇ?

ಅಲ್ಲ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೋ ತನ್ನ ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ನಕ್ಷೆಯಂತೆ ಯಾರು ಬೇಕಾದರೂ ಬೋರ್ಡ್ ಮಾಡಬಹುದು, ಬದಲಿಸಬಹುದು, ಮಾರಲೂಬಹುದು. ಬದಲಿಸಿದ ನಕ್ಷೆಯನ್ನು ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೇ. ಆರ್ಡುಯಿನೋ ಎಂಬ ಹೆಸರು ಮತ್ತು ಲಾಂಛನ ಮಾತ್ರ ಅವರ ಸೊತ್ತು. ಅವನ್ನು ಅಚ್ಚು ಹಾಕಿ ಮಾರಿದರೆ ಅದು ಮೋಸ, ಬೇರೆ ಹೆಸರಿನಲ್ಲಿ ಮಾರಿದರೆ ತಪ್ಪಿಲ್ಲ.

ಈ ವಿಚಾರ ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಅಂಗೈ ಕಂಪ್ಯೂಟರ್ ‘ಸಿಂಪ್ಯೂಟರ್’ ಅನ್ನು 2001ರಲ್ಲೇ ತೋರಿಸಿದ್ದರು. ಅದರ ಯಂತ್ರಾಂಶಕ್ಕೂ ಒಂದು ಸಾರ್ವಜನಿಕ ಪರವಾನಗಿ ಬರೆದಿದ್ದರು. ಆದರೆ ಮಾರಾಟಕ್ಕೆಂದು ತಯಾರಿಸುವವರು ಟ್ರಸ್ಟಿಗೆ ಶುಲ್ಕ ಕಟ್ಟಬೇಕಿತ್ತು. ಅಂದುಕೊಂಡಷ್ಟು ಸಿಂಪ್ಯೂಟರುಗಳು ಮಾರಾಟವಾಗಲಿಲ್ಲ. ಆರ್ಡುಯಿನೋ ನಕ್ಷೆಗೆ ಅಂಥ ಶುಲ್ಕವಿರಲಿಲ್ಲ. ಸಣ್ಣಪುಟ್ಟ ತಯಾರಕರು ಅದನ್ನು ಊರೂರಿಗೆ ಮುಟ್ಟಿಸಿದರು.

ಹಾಗಾದರೆ ಆರ್ಡುಯಿನೋ ಪೂರ್ತಿ ತೆರೆದದ್ದೇ? ಅದೂ ಅಲ್ಲ. ಯುನೋ ಬೋರ್ಡಿನ ಮೇಲಿನ ಚಿಪ್ಪಿನ ಒಳನಕ್ಷೆ ಎಂದೂ ತೆರೆದಿರಲಿಲ್ಲ. ತೆರೆದಿದ್ದದ್ದು ಬೋರ್ಡಿನ ನಕ್ಷೆ ಮತ್ತು ಪ್ರೋಗ್ರಾಂ ಬರೆಯುವ ತಂತ್ರಾಂಶ. ವೈಫೈ ಇರುವ ಜನಪ್ರಿಯ ಇಎಸ್‌ಪಿ32 ಚಿಪ್ಪಿಗೆ ಬೇಕಾದ ತಂತ್ರಾಂಶದ ಬಹುಪಾಲು ತೆರೆದಿದ್ದರೂ, ಅದರ ರೇಡಿಯೋ ಭಾಗದ ಕೋಡನ್ನು ಕಂಪನಿ ಬಿಟ್ಟುಕೊಟ್ಟಿಲ್ಲ. ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಬೋರ್ಡಂತೂ ಮೊದಲಿನಿಂದಲೂ ತೆರೆದ ಯಂತ್ರಾಂಶವಲ್ಲ. ಅಂದರೆ ‘ತೆರೆದದ್ದು’ ಎನ್ನುವುದು ಈರುಳ್ಳಿಯಂತೆ ಪದರಪದರ.

ಈ ಪದರಗಳು ಮುಚ್ಚಿಕೊಳ್ಳುತ್ತಿವೆಯೇ ಎಂಬುದೇ ಈಗಿನ ಆತಂಕ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಚಿಪ್ ಕಂಪನಿ ಕ್ವಾಲ್‌ಕಾಮ್, ಆರ್ಡುಯಿನೋವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮರುತಿಂಗಳು ಬಂದ ಹೊಸ ಬಳಕೆ ಷರತ್ತುಗಳಲ್ಲಿ, ವ್ಯವಸ್ಥೆಯನ್ನು ಬಿಚ್ಚಿ ಅದರ ಕೆಲಸ ಅರಿಯುವುದಕ್ಕೆ ಅಡ್ಡಿಯಿತ್ತು. ಹವ್ಯಾಸಿಗಳು ಸಿಡಿದೆದ್ದರು. ಆ ಷರತ್ತು ಕ್ಲೌಡ್ ಸೇವೆಗೆ ಮಾತ್ರ, ಬೋರ್ಡುಗಳು ಮೊದಲಿನಂತೆಯೇ ತೆರೆದಿರುತ್ತವೆ ಎಂದು ಆರ್ಡುಯಿನೋ ಸಮಜಾಯಿಷಿ ಕೊಟ್ಟಿತು. ಈಗಾಗಲೇ ತೆರೆದ ಪರವಾನಗಿಯಲ್ಲಿ ಬಂದ ನಕ್ಷೆಯನ್ನು ಯಾರೂ ವಾಪಸ್ ಪಡೆಯಲಾರರು ಎಂಬುದು ನಿಜ. ಆದರೆ ಮುಂದಿನ ಬೋರ್ಡ್ ಹೇಗಿರಬೇಕೆಂದು ತೀರ್ಮಾನಿಸುವವರು ಅದರ ಒಡೆಯರೇ.

ತೋಟದವರಿಗೆ ಇದರಿಂದ ಏನು? ಮೊಹರು ಹಾಕಿದ, ಕಂಪನಿಯ ಆ್ಯಪ್ ಮೂಲಕವೇ ನಡೆಯುವ ಪಂಪ್ ನಿಯಂತ್ರಕ ಕೊಂಡಿರೆನ್ನಿ. ಕಂಪನಿ ಸರ್ವರ್ ನಿಲ್ಲಿಸಿದ ದಿನ, ಪೆಟ್ಟಿಗೆ ಕೆಟ್ಟಿರದಿದ್ದರೂ ಆ್ಯಪ್ ಒತ್ತಿದರೆ ಮೋಟರ್ ಏಳುವುದಿಲ್ಲ. ನಕ್ಷೆ ಮತ್ತು ಕೋಡ್ ಕೈಯಲ್ಲಿದ್ದರೆ ಕಡೂರಿನ ರಿಪೇರಿ ಅಂಗಡಿಯಲ್ಲೂ ಅದನ್ನು ಎಬ್ಬಿಸಬಹುದು.

ಹಾಗಾಗಿ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳೋಣ. ಬೋರ್ಡಿನ ನಕ್ಷೆ ಸಿಗುತ್ತದೆಯೇ? ನಮ್ಮದೇ ಪ್ರೋಗ್ರಾಂ ಹಾಕಬಹುದೇ? ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆಯೇ? ಮೂರಕ್ಕೂ ಹೌದು ಎನ್ನುವ ಅಗ್ಗದ ಬೋರ್ಡು, ಹೆಸರುವಾಸಿಯಾದ ಮುಚ್ಚಿದ ಪೆಟ್ಟಿಗೆಗಿಂತ ಮೇಲು. ಮೂರು ಫೇಸಿನ ತಂತಿಯ ಕೆಲಸವನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡೋಣ.