ಸಭೆಯ ಕೊಠಡಿಯೂ ಮುಂಗಾರು ಮಳೆಯೂ

ವಿಶ್ವವಿದ್ಯಾನಿಲಯದ ವಿಚಾರಗೋಷ್ಠಿಯ ಕೊಠಡಿಯನ್ನು ಯಾರು ಯಾವ ಹೊತ್ತಿಗೆ ಗೊತ್ತುಮಾಡಿಕೊಳ್ಳಬೇಕೆಂಬುದು ಪಂಡಿತರ ಗೊಡವೆ. ಗೃಹಸ್ಥರಿಗೆ ಅದರಿಂದೇನು ಎಂದು ವಾಚಕರು ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗಂತೂ ಅದರ ಸಂಬಂಧವು ಹತ್ತಿರದ್ದೇ ಆಗಿರುವದು.

ವಿದ್ವಾಂಸರೂ ಒಕ್ಕಲುಮಕ್ಕಳೂ ಒಂದೆಡೆ ಕುಳಿತು ವಿಚಾರಮಾಡುವದು ಈ ಸೀಮೆಗೆ ಹೊಸದಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ತೂಗಿನೋಡಲು ಶಿರಸಿಯಲ್ಲಿಯೇ ವಿಚಾರಸಂಕಿರಣವು ಜರುಗಿತು. ಯಲ್ಲಾಪುರದ ಕಡೆಯ ತೋಟಗದ್ದೆಗಳು ಮುಳುಗುವ ಪ್ರಶ್ನೆಯದು. ಸಭೆಯನ್ನು ಕರೆಯುವದರಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಘದವರೇ ಮುಂದಾಗಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯವು ಈಗ ಶಿರಸಿಯಲ್ಲಿರುವದರಿಂದ ಇಂಥ ಕೂಟಗಳ ಆಶೆಯು ಹೆಚ್ಚಿರುವದು ಸಹಜವೇ.

ಆದರೆ ಯಾವ ವಿದ್ಯಾಸಂಸ್ಥೆಯಲ್ಲಾದರೂ ಸಾಮಾನ್ಯವಾಗಿ ವಿಭಾಗಗಳು ಹಲವು, ಒಳ್ಳೆಯ ಕೊಠಡಿ ಒಂದು. ಸಂಶೋಧಕರ ಮಾಸಿಕ ಸಭೆ, ಪರಸ್ಥಳದಿಂದ ಬಂದವರ ಉಪನ್ಯಾಸ, ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ, ಎಲ್ಲಕ್ಕೂ ಅದೇ ಬೇಕು. ಮೊದಲು ಬಂದವನು ಪುಸ್ತಕದಲ್ಲಿ, ಇಲ್ಲವೆ ಈಗಿನ ರೂಢಿಯಂತೆ ಗಣಕಯಂತ್ರದಲ್ಲಿ, ಹೆಸರು ಬರೆಯಿಸುವನು. ಇದು ನ್ಯಾಯವೇ. ಒಂದೇ ಹೊತ್ತಿಗೆ ಎರಡು ಸಭೆಗಳು ಬಂದರೂ ಒಬ್ಬರು ಮರದ ನೆರಳಿಗೆ ಹೋದಾರು. ವರ್ಷದ ಶನಿವಾರಗಳನ್ನೆಲ್ಲ ತನ್ನ ಹೆಸರಿಗೆ ಹಚ್ಚಿಕೊಂಡು ಕೊಠಡಿಗೆ ಬೀಗ ಹಾಕಿಸಿಡುವವನ ಕೃತ್ಯವೇ ನಮಗೆ ಹೆಚ್ಚು ಅಸಹ್ಯವಾದುದು.

ಕೊಳೆರೋಗವನ್ನೇ ನೋಡಿರಿ. ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು 1910ರಷ್ಟು ಹಿಂದೆಯೇ ಅದರ ವಿಷಯವಾಗಿ ಶಾಸ್ತ್ರೀಯ ಪ್ರಬಂಧವನ್ನು ಪ್ರಕಟಿಸಿದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರು ನೀರು ಸೇರಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವದಕ್ಕೆ ಮೊದಲೇ ಕೊನೆಗಳಿಗೆ ಹೊಡೆಯಬೇಕು; 40–45 ದಿವಸಗಳ ತರುವಾಯ ಮತ್ತೊಮ್ಮೆ. ಆದ್ದರಿಂದ ಈ ಉಪನ್ಯಾಸವು ಮೇ ತಿಂಗಳಲ್ಲಿ ಆಗತಕ್ಕದ್ದು. ಕೊಠಡಿ ದೊರೆಯಲಿಲ್ಲವೆಂದು ಜೂನ್ ಕೊನೆಗೆ ಮುಂದೂಡಿದರೆ, ಹೇಳುವವರು ಎಷ್ಟು ಚೆನ್ನಾಗಿ ಹೇಳಿದರೂ ಕೇಳುವವರ ಅಡಕೆ ಅಷ್ಟರಲ್ಲಿ ಮರದ ಬುಡಕ್ಕೆ ಉದುರಿರುವದು. ಆ ಮನೆಯ ವರ್ಷದ ಸಾಲ, ಮಗಳ ಮದುವೆ, ಎಲ್ಲವೂ ಅದೇ ಕೊನೆಯಲ್ಲಿ ತೂಗುತ್ತಿದ್ದವು.

ಮೇ ತಿಂಗಳ ಕೆಲವು ದಿವಸಗಳನ್ನು ತೋಟಿಗರ ಸಭೆಗೆಂದೇ ಸಂಸ್ಥೆಗಳು ಮೀಸಲಿಡಲಿ. ಕೊಠಡಿ ಬೇಡವಾದವರು ಹಿಂದಿನ ದಿನ ಮಧ್ಯಾಹ್ನದೊಳಗೆ ಬಿಟ್ಟುಕೊಡಲಿ. ಸಭೆ ನಿಂತುಹೋದರೆ, ಯಲ್ಲಾಪುರದವರೂ ಸಿದ್ದಾಪುರದವರೂ ಬೆಳಗಿನ ಬಸ್ಸು ಹತ್ತುವ ಮೊದಲೇ ಸುದ್ದಿ ಮುಟ್ಟಲಿ.