ಮೀನಖಂಡದ ಪೆಟ್ಟು ಮತ್ತು ಮರಳುವ ಆತುರ



ಸಮಾಜ ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲಿನ ಗೊಡವೆ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದಾರೆ. ಇನ್ನು ಹಲವರು ಆಟವಾಡುವ ಮಕ್ಕಳ ತಂದೆ ತಾಯಿಯರು. ನಲವತ್ತು ದಾಟಿದ ಮೇಲೂ ಭಾನುವಾರ ಬೆಳಿಗ್ಗೆ ಷಟಲ್ ಬ್ಯಾಟ್ ಹಿಡಿದು ಹೊರಡುವವರೂ ಇದ್ದಾರೆ. ಇವರೆಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೊಂದನ್ನು ಅಮೆರಿಕದ ಎನ್‌ಬಿಎ ಪಂದ್ಯಾವಳಿ ನಮ್ಮ ಮುಂದಿಟ್ಟಿದೆ. ಪೆಟ್ಟು ತಿಂದ ಆಟಗಾರ ಮತ್ತೆ ಕಣಕ್ಕಿಳಿಯುವ ದಿನವನ್ನು ನಿರ್ಧರಿಸಬೇಕಾದವರು ಯಾರು ಎಂಬುದೇ ಆ ಪ್ರಶ್ನೆ.

2025ರ ಜೂನ್ ತಿಂಗಳ ಸಂಗತಿ. ಎನ್‌ಬಿಎ ಅಂತಿಮ ಹಣಾಹಣಿಯಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಒಕ್ಲಹೋಮಾ ಸಿಟಿ ಥಂಡರ್ ತಂಡಗಳು ಎದುರಾಗಿದ್ದವು. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕನ್ನು ಗೆದ್ದವರಿಗೆ ಪ್ರಶಸ್ತಿ. ಪೇಸರ್ಸ್ ತಂಡದ ಜೀವಾಳವಾಗಿದ್ದವರು 25 ವರ್ಷದ ಟೈರೀಸ್ ಹ್ಯಾಲಿಬರ್ಟನ್. ಜೂನ್ 16ರಂದು ನಡೆದ ಐದನೆಯ ಪಂದ್ಯದಲ್ಲಿ ಅವರ ಬಲಗಾಲಿನ ಮೀನಖಂಡದ ಸ್ನಾಯು ಉಳುಕಿತು. ಮೂರೇ ದಿನಗಳ ನಂತರ, ಆರನೆಯ ಪಂದ್ಯದಲ್ಲಿ ಅವರು ಆಡಿದರು, 14 ಅಂಕ ಗಳಿಸಿದರು, ತಂಡವೂ ಗೆದ್ದಿತು. ಜೂನ್ 22ರಂದು ನಿರ್ಣಾಯಕವಾದ ಏಳನೆಯ ಪಂದ್ಯ. ಮೊದಲ ಕೆಲವು ನಿಮಿಷಗಳಲ್ಲಿಯೇ ದೂರದಿಂದ ಮೂರು ಬಾರಿ ಚೆಂಡನ್ನು ಬುಟ್ಟಿಗೆ ಹಾಕಿ ಅವರು 9 ಅಂಕ ಗಳಿಸಿದರು. ಆಮೇಲೆ ಚೆಂಡಿನೊಡನೆ ಮುನ್ನುಗ್ಗಲೆಂದು ಬಲಗಾಲನ್ನು ನೆಲಕ್ಕೆ ಒತ್ತಿದವರು ಹಾಗೆಯೇ ಕುಸಿದು, ಅಂಗೈಯಿಂದ ನೆಲವನ್ನು ಬಡಿಯುತ್ತಾ ಅತ್ತರು. ಯಾರೂ ಅವರನ್ನು ತಳ್ಳಿರಲಿಲ್ಲ. ಅಕಿಲೀಸ್ ಸ್ನಾಯುರಜ್ಜು ಹರಿದುಹೋಗಿತ್ತು. ಪೇಸರ್ಸ್ 91-103ರಿಂದ ಸೋತಿತು. ಮರುದಿನವೇ ಶಸ್ತ್ರಚಿಕಿತ್ಸೆ ನಡೆಯಿತು. 2025-26ರ ಇಡೀ ಋತುವಿನಲ್ಲಿ ಅವರು ಆಡುವುದಿಲ್ಲವೆಂದು ತಂಡವು ಜುಲೈನಲ್ಲಿ ಪ್ರಕಟಿಸಿತು.

ಇಲ್ಲಿ ಸ್ವಲ್ಪ ಶರೀರಶಾಸ್ತ್ರವನ್ನು ತಿಳಿಯುವುದು ಅಗತ್ಯ. ಮೊಣಕಾಲಿನ ಹಿಂಬದಿಯ ಕೆಳಗೆ ಉಬ್ಬಿಕೊಂಡಿರುವ ಮಾಂಸಭಾಗವನ್ನು ನಮ್ಮ ಹಿರಿಯರು ‘ಮೀನಖಂಡ’ವೆಂದು ಎಷ್ಟು ಸೊಗಸಾಗಿ ಕರೆದಿದ್ದಾರೆ! ನಡುವೆ ದಪ್ಪಗಿದ್ದು ಕೆಳಗೆ ಸಪೂರವಾಗುವ ಅದರ ಆಕಾರ ಮೀನನ್ನೇ ಹೋಲುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲ್ಪದರದ ಗ್ಯಾಸ್ಟ್ರಾಕ್ನೀಮಿಯಸ್ ಮೊಣಕಾಲಿನ ಮೇಲಿನಿಂದ ಹೊರಡುತ್ತದೆ; ನೆಗೆಯಲು, ತಟ್ಟನೆ ಓಟ ಆರಂಭಿಸಲು ಅದು ಬೇಕು. ಅದರಡಿಯಲ್ಲಿ ಚಪ್ಪಟೆಯಾಗಿರುವ ಸೋಲಿಯಸ್, ನಿಲ್ಲುವಾಗ, ನಡೆಯುವಾಗ, ದೀರ್ಘಕಾಲ ಓಡುವಾಗ ಬಿಡುವಿಲ್ಲದೆ ದುಡಿಯುತ್ತದೆ. ಇವೆರಡೂ ಕೆಳಗೆ ಕೂಡಿಕೊಂಡು ಒಂದೇ ಹಗ್ಗವಾಗಿ ಹಿಮ್ಮಡಿಯ ಎಲುಬಿಗೆ ಅಂಟುತ್ತವೆ. ಆ ಹಗ್ಗವೇ ಅಕಿಲೀಸ್ ಸ್ನಾಯುರಜ್ಜು. ದೇಹದ ಸ್ನಾಯುರಜ್ಜುಗಳಲ್ಲೆಲ್ಲ ಅದೇ ಅತ್ಯಂತ ದಪ್ಪವಾದದ್ದು, ಬಲಿಷ್ಠವಾದದ್ದು.

ಗ್ರೀಕರ ಕಥೆಯಲ್ಲಿ ತಾಯಿ ಥೆಟಿಸ್ ಮಗು ಅಕಿಲೀಸನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ನೀರು ಸೋಕದ ಆ ಜಾಗವೇ ಅವನ ಮರಣಸ್ಥಾನವಾಯಿತು. ನಮ್ಮ ಮಹಾಭಾರತದ ಮೌಸಲಪರ್ವದಲ್ಲಿ ಶ್ರೀಕೃಷ್ಣನಿಗೂ ಜರನೆಂಬ ಬೇಡನ ಬಾಣ ನಾಟಿದ್ದು ಪಾದಕ್ಕೇ. ಎಂತಹ ವೀರನಿಗೂ ಕಾಲಿನಲ್ಲೊಂದು ದುರ್ಬಲ ಸ್ಥಾನವುಂಟು ಎಂಬ ಅರಿವು ಎರಡು ನಾಡುಗಳ ಪ್ರಾಚೀನರಿಗೂ ಇತ್ತೆಂದು ತೋರುತ್ತದೆ.

ವೈದ್ಯರು ಮೀನಖಂಡದ ಪೆಟ್ಟನ್ನು ಮೂರು ದರ್ಜೆಗಳಲ್ಲಿ ಗುರುತಿಸುತ್ತಾರೆ. ಕೆಲವೇ ಎಳೆಗಳು ಹರಿದಿದ್ದರೆ ಮೊದಲ ದರ್ಜೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ವಾಸಿಯಾಗುತ್ತದೆ. ಸ್ನಾಯು ಭಾಗಶಃ ಹರಿದಿದ್ದರೆ ಎರಡನೆಯದು. ಅದಕ್ಕೆ ನಾಲ್ಕರಿಂದ ಎಂಟು ವಾರಗಳು ಬೇಕಾಗಬಹುದು. ಪೂರ್ಣವಾಗಿ ಹರಿದಿದ್ದರೆ ಮೂರನೆಯದು. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಆದರೆ ಅಕಿಲೀಸ್ ಹರಿದರೆ ಲೆಕ್ಕವೇ ಬೇರೆ. ಆಟಗಾರ ಮರಳಲು ಒಂಬತ್ತರಿಂದ ಹನ್ನೆರಡು ತಿಂಗಳುಗಳು ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ವಾರಗಳನ್ನು ಉಳಿಸಲು ಹೋಗಿ ವರ್ಷವನ್ನೇ ತೆರಬೇಕಾಗಿ ಬರುವ ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ.

ಇಂಥದೇ ಘಟನೆ ಅದಕ್ಕೆ ಆರು ವರ್ಷಗಳ ಹಿಂದೆಯೂ ನಡೆದಿತ್ತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೆವಿನ್ ಡ್ಯುರಾಂಟ್ 2019ರ ಮೇ 8ರಂದು ಹ್ಯೂಸ್ಟನ್ ರಾಕೆಟ್ಸ್ ವಿರುದ್ಧ ಆಡುತ್ತಿದ್ದಾಗ ಬಲಗಾಲಿನ ಮೀನಖಂಡಕ್ಕೆ ಪೆಟ್ಟು ಮಾಡಿಕೊಂಡರು. ಮುಂದಿನ ಒಂಬತ್ತು ಪಂದ್ಯಗಳನ್ನು ಆಡಲಿಲ್ಲ. ಅಷ್ಟರಲ್ಲಿ ಅಂತಿಮ ಸರಣಿಯಲ್ಲಿ ಅವರ ತಂಡ ಟೊರಾಂಟೊ ರ್‍ಯಾಪ್ಟರ್ಸ್ ಎದುರು 1-3ರ ಹಿನ್ನಡೆಯಲ್ಲಿತ್ತು. ಇನ್ನೊಂದು ಸೋತರೆ ಎಲ್ಲವೂ ಮುಗಿಯುತ್ತಿತ್ತು. ಜೂನ್ 10ರಂದು ಡ್ಯುರಾಂಟ್ ಕಣಕ್ಕಿಳಿದು 12 ನಿಮಿಷಗಳಲ್ಲಿ 11 ಅಂಕ ಗಳಿಸಿದರು. ನಂತರ ಅವರ ಬಲಗಾಲಿನ ಅಕಿಲೀಸ್ ಹರಿಯಿತು. ಆ ಪಂದ್ಯವನ್ನು ವಾರಿಯರ್ಸ್ ಒಂದೇ ಅಂಕದಿಂದ ಗೆದ್ದರೂ ಮುಂದಿನದನ್ನು ಸೋತು ಪ್ರಶಸ್ತಿಯನ್ನು ಕಳೆದುಕೊಂಡಿತು. ಡ್ಯುರಾಂಟ್ ಮತ್ತೆ ಎನ್‌ಬಿಎ ಪಂದ್ಯವಾಡಿದ್ದು 2020ರ ಡಿಸೆಂಬರ್ 22ರಂದು, ಒಂದೂವರೆ ವರ್ಷದ ನಂತರ, ಬೇರೊಂದು ತಂಡದ ಸಮವಸ್ತ್ರದಲ್ಲಿ.

ಅಂದು ರಾತ್ರಿ ವಾರಿಯರ್ಸ್ ತಂಡದ ಮುಖ್ಯಸ್ಥ ಬಾಬ್ ಮೈಯರ್ಸ್ ಪತ್ರಕರ್ತರ ಮುಂದೆ ಕಣ್ಣೀರು ಹಾಕುತ್ತಾ, ದೂಷಿಸಬೇಕೆಂದಿದ್ದರೆ ತಮ್ಮನ್ನೇ ದೂಷಿಸಿರೆಂದು ಹೇಳಿದರು. ಆ ಮಾತಿನಲ್ಲಿ ದೊಡ್ಡತನವಿತ್ತು. ತರಬೇತುದಾರ ಸ್ಟೀವ್ ಕೆರ್, ಮೀನಖಂಡಕ್ಕೇ ಮತ್ತೆ ಪೆಟ್ಟಾಗಬಹುದೆಂಬುದಕ್ಕಿಂತ ಹೆಚ್ಚಿನ ಅಪಾಯವನ್ನು ತಾವು ಯಾರೂ ಊಹಿಸಿರಲಿಲ್ಲವೆಂದು ವಿವರಿಸಿದರು. 2019ರಲ್ಲಿ ಈ ಸಮಾಧಾನವನ್ನು ಒಪ್ಪಬಹುದಾಗಿತ್ತು. 2025ರಲ್ಲಿ ಅದೇ ಮಾತನ್ನು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಎಲ್ಲರಿಗೂ ಡ್ಯುರಾಂಟ್ ನೆನಪಿದ್ದರು.

ಒಂದರ ಬೆನ್ನಿಗೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಸಾರಿಬಿಡುವುದು ತರ್ಕವಲ್ಲ; ಅದು ಕಾಕತಾಳೀಯವೂ ಆಗಿರಬಹುದು. ಮೀನಖಂಡಕ್ಕೆ ಪೆಟ್ಟಾದವರಲ್ಲಿ ಬಹುತೇಕರಿಗೆ ಅಕಿಲೀಸ್ ಹರಿಯುವುದಿಲ್ಲ. ಹಿಂದೆ ಮೀನಖಂಡದ ತೊಂದರೆಯೇ ಇಲ್ಲದವರಿಗೂ ಅದು ಹರಿಯುವುದುಂಟು. ಆದರೂ ಸ್ನಾಯು ಮತ್ತು ರಜ್ಜು ಒಂದೇ ಸರಪಳಿಯ ಕೊಂಡಿಗಳು. ಸ್ನಾಯು ದಣಿದು ಅಥವಾ ಹರಿದು ತನ್ನ ಪಾಲಿನ ಭಾರವನ್ನು ಹೊರದಿದ್ದಾಗ ಆ ಭಾರ ಬೇರೆಲ್ಲಿಗೋ ವರ್ಗವಾಗಲೇಬೇಕು. ಜೊತೆಗೆ, ಒಮ್ಮೆ ಪೆಟ್ಟಾದ ಮೀನಖಂಡಕ್ಕೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚೆಂಬುದು ಕ್ರೀಡಾವೈದ್ಯರು ಚೆನ್ನಾಗಿ ಬಲ್ಲ ವಿಷಯ. ಸಂಶಯವಿರುವಲ್ಲಿ ಎಚ್ಚರವೇ ಮೇಲು.

ಎಚ್ಚರ ವಹಿಸಿದವರ ಉದಾಹರಣೆಯೂ ಇದೆ. ಮಿಲ್ವಾಕೀ ಬಕ್ಸ್ ತಂಡದ ಗ್ರೀಕ್ ಆಟಗಾರ ಯಾನಿಸ್ ಆಂಟೆಟೊಕೌಂಪೊ ಅವರ ಎಡಗಾಲಿನ ಸೋಲಿಯಸ್‌ಗೆ 2024ರ ಏಪ್ರಿಲ್ 9ರಂದು ಪೆಟ್ಟಾಯಿತು. ಕೆಲವೇ ದಿನಗಳಲ್ಲಿ ಪ್ಲೇಆಫ್ ಆರಂಭ. ಮೊದಲ ಸುತ್ತಿನ ಆರು ಪಂದ್ಯಗಳಲ್ಲಿ ಒಂದನ್ನೂ ಅವರು ಆಡಲಿಲ್ಲ. ತಂಡ 2-4ರಿಂದ ಸೋತು ಹೊರಬಿದ್ದಿತು. ಸೋಲಿಸಿದ್ದು ಯಾರೆಂದು ಬಲ್ಲಿರಾ? ಇದೇ ಹ್ಯಾಲಿಬರ್ಟನ್ ಅವರ ಪೇಸರ್ಸ್! ಆದರೆ ಅದೇ ಬೇಸಿಗೆಯಲ್ಲಿ ಯಾನಿಸ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಪರವಾಗಿ ಆಡಿದರು. ಡಿಸೆಂಬರ್‌ನಲ್ಲಿ ಬಕ್ಸ್ ತಂಡ ಎನ್‌ಬಿಎ ಕಪ್ ಗೆದ್ದಾಗ ಅತ್ಯುತ್ತಮ ಆಟಗಾರರೆನಿಸಿದವರೂ ಅವರೇ. ಕೈತಪ್ಪಿದ್ದು ಒಂದು ಸರಣಿ, ಉಳಿದದ್ದು ಕಾಲು. ಇಂತಹ ನಿರ್ಧಾರಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂಬುದೇ ನನಗೆ ಬೇಸರದ ಸಂಗತಿ.

ಇನ್ನೊಂದು ಪಕ್ಷದ ವಾದವನ್ನೂ ಗೌರವದಿಂದ ಕೇಳಬೇಕು. ಪೇಸರ್ಸ್ ತಂಡ ಎನ್‌ಬಿಎ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿರಲಿಲ್ಲ. ಅಂತಿಮ ಸರಣಿಯ ಏಳನೆಯ ಪಂದ್ಯ ಎಷ್ಟೋ ಶ್ರೇಷ್ಠ ಆಟಗಾರರ ಬಾಳಿನಲ್ಲಿ ಬರುವುದೇ ಇಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಹ್ಯಾಲಿಬರ್ಟನ್, ತಮಗೆ ಪಶ್ಚಾತ್ತಾಪವಿಲ್ಲ, ಮತ್ತೆ ಅವಕಾಶ ಬಂದರೂ ಹಾಗೆಯೇ ಮಾಡುವೆನೆಂಬ ಅರ್ಥದಲ್ಲಿ ಬರೆದರು. ಪ್ರೌಢ ವಯಸ್ಕನೊಬ್ಬ ಅಪಾಯವನ್ನು ಅರಿತು ತನ್ನ ಒಡಲನ್ನು ಪಣಕ್ಕಿಡುವುದಾದರೆ ಅದನ್ನು ಹೀಗಳೆಯಲು ನಾನು ಯಾರು? ಅವರ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಆ ಧೈರ್ಯವನ್ನು ಶಾಲಾ ಮಕ್ಕಳ ಮುಂದೆ ಆದರ್ಶವೆಂದು ಇಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ‘ನೋಡು, ಅವನು ನೋವಿನಲ್ಲಿಯೂ ಆಡಿದ’ ಎಂಬ ಮಾತು ಹದಿನಾಲ್ಕರ ಬಾಲಕನ ಕಿವಿಯಲ್ಲಿ ಅಪ್ಪಣೆಯಾಗಿ ಪರಿಣಮಿಸುತ್ತದೆ. ಆ ಬಾಲಕನ ಹಿಂದೆ ನಿಪುಣ ವೈದ್ಯರ ತಂಡವಿಲ್ಲ, ಕೋಟ್ಯಂತರ ರೂಪಾಯಿಯ ಒಪ್ಪಂದವಿಲ್ಲ.

ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ನನಗೆ ಈ ಸಮಸ್ಯೆ ಪರೀಕ್ಷಾ ಪದ್ಧತಿಯ ಮೂಲಕವೇ ಸುಲಭವಾಗಿ ಅರ್ಥವಾಗುತ್ತದೆ. ಇಷ್ಟು ದಿನ ಹಾಜರಾತಿ ಇದೆಯೆಂದು ನಾವು ಯಾರನ್ನೂ ಉತ್ತೀರ್ಣರೆಂದು ಘೋಷಿಸುವುದಿಲ್ಲ. ಕಲಿತಿದ್ದಾನೆಯೇ ಎಂದು ಪರೀಕ್ಷಿಸುತ್ತೇವೆ. ಪೆಟ್ಟಾದ ಕಾಲಿಗೂ ಅದೇ ನ್ಯಾಯ ಸಲ್ಲಬೇಕು. ‘ಮೂರು ವಾರವಾಯಿತು, ಇನ್ನು ಆಡಬಹುದು’ ಎಂಬುದು ಹಾಜರಾತಿಯ ಲೆಕ್ಕ. ಮೊದಲ ಎರಡು ಮೂರು ದಿನ ವಿಶ್ರಾಂತಿ, ತಣ್ಣನೆಯ ಪಟ್ಟಿ, ಹದವಾದ ಬಿಗಿಕಟ್ಟು, ಕಾಲನ್ನು ಎತ್ತರಿಸಿ ಇಡುವುದು. ಆ ದಿನಗಳಲ್ಲಿ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಬಿಸಿ ಶಾಖ ಕೊಡುವುದು ಹಿತವಲ್ಲ. ನಂತರ ಎರಡೂ ಕಾಲುಗಳ ಮೇಲೆ ನಿಂತು ಹಿಮ್ಮಡಿ ಎತ್ತುವ ಅಭ್ಯಾಸ, ಬಳಿಕ ಒಂಟಿ ಕಾಲಿನಲ್ಲಿ; ಮೊಣಕಾಲನ್ನು ನೇರವಾಗಿಟ್ಟು ಒಮ್ಮೆ, ಸೋಲಿಯಸ್‌ಗಾಗಿ ಮಡಿಸಿ ಮತ್ತೊಮ್ಮೆ. ಆಮೇಲೆ ಕುಪ್ಪಳಿಸುವುದು, ಮೆಲ್ಲನೆ ಓಡುವುದು, ಕಡೆಯಲ್ಲಿ ವೇಗದ ಓಟ ಮತ್ತು ತಟ್ಟನೆ ದಿಕ್ಕು ಬದಲಿಸುವುದು. ಒಂದು ಮೆಟ್ಟಿಲಿನಲ್ಲಿ ನೋವಿದ್ದರೆ ಮುಂದಿನ ಮೆಟ್ಟಿಲಿಲ್ಲ. ಪೆಟ್ಟಾದ ಕಾಲು ಚೆನ್ನಾಗಿರುವ ಕಾಲಿನಷ್ಟೇ ಬಾರಿ, ಅಷ್ಟೇ ಎತ್ತರಕ್ಕೆ ಹಿಮ್ಮಡಿ ಎತ್ತಬೇಕು, ನೋವಿಲ್ಲದೆ ನೆಗೆಯಬೇಕು. ಸೋಲಿಯಸ್ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ನಡೆಯುವಾಗ ನೋವೇ ತಿಳಿಯದೆ, ಓಡಿದಾಗ ಮಾತ್ರ ಅದು ತನ್ನ ಗುಟ್ಟನ್ನು ಹೊರಗೆಡಹುವುದುಂಟು.

ಪರೀಕ್ಷೆಯ ಇನ್ನೊಂದು ನಿಯಮವೂ ಇಲ್ಲಿ ಅನ್ವಯಿಸುತ್ತದೆ: ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವಂತಿಲ್ಲ. ಆಡಲು ಹಾತೊರೆಯುವ ಆಟಗಾರ ‘ನೋವಿಲ್ಲ’ ಎಂದೇ ಹೇಳುತ್ತಾನೆ. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಹಿಂದಿನ ದಿನ ‘ಏನೂ ಇಲ್ಲ ಸಾರ್, ಸರಿಹೋಯ್ತು’ ಎಂದು ಕುಂಟುತ್ತಲೇ ನಗುವ ಹುಡುಗರನ್ನು ಕಾಣದ ಶಿಕ್ಷಕರುಂಟೇ? ಅವರು ಹೇಳುವುದು ಸುಳ್ಳೆಂದು ನಾನು ಭಾವಿಸುವುದಿಲ್ಲ. ಆಸೆಯು ನೋವನ್ನು ಮರೆಸುತ್ತದೆ, ಅಷ್ಟೇ. ಫಲಕ ಗೆಲ್ಲಬೇಕೆಂಬ ಶಾಲೆ, ತನ್ನ ಹೆಸರು ಉಳಿಯಬೇಕೆಂಬ ತರಬೇತುದಾರ, ಮಗನ ಫೋಟೊ ಪತ್ರಿಕೆಯಲ್ಲಿ ಬರಲೆಂಬ ತಂದೆ, ಇವರಾರೂ ಸರಿಯಾದ ಮೌಲ್ಯಮಾಪಕರಲ್ಲ. ಪಂದ್ಯದ ಸೋಲು ಗೆಲುವಿನಲ್ಲಿ ಪಾಲಿಲ್ಲದ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ಆ ಅಧಿಕಾರವನ್ನು ಬಿಟ್ಟುಕೊಡಬೇಕು. ಅವರು ‘ಬೇಡ’ ಎಂದರೆ ಆ ಮಾತೇ ಕೊನೆಯದಾಗಬೇಕು. ದೈಹಿಕ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಇದು ವಿನಂತಿಯೂ ಹೌದು, ಹಳೆಯ ಮೇಷ್ಟ್ರ ಸಲುಗೆಯ ಆಜ್ಞೆಯೂ ಹೌದು.

ನಡುವಯಸ್ಸಿನ ಆಟಗಾರರಿಗೂ ಒಂದು ಮಾತು. ವಯಸ್ಸು ಏರಿದಂತೆ ಮೀನಖಂಡದ ಪೆಟ್ಟಿನ ಸಂಭವವೂ ಏರುತ್ತದೆ. ಆಡುತ್ತಿರುವಾಗ ಯಾರೋ ಹಿಂದಿನಿಂದ ಕಾಲಿಗೆ ಹೊಡೆದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ, ಆಟ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿರಿ. ಪೆಟ್ಟೇ ಆಗದೆ ಒಂದು ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯತೊಡಗಿದರೆ ಅದನ್ನು ಉಳುಕೆಂದು ತಿಳಿದು ನೀವಬೇಡಿ, ರಕ್ತ ಹೆಪ್ಪುಗಟ್ಟಿರಲೂಬಹುದು. ಡೇಮಿಯನ್ ಲಿಲರ್ಡ್ ಎಂಬ ಪ್ರಸಿದ್ಧ ಎನ್‌ಬಿಎ ಆಟಗಾರರ ಬಲ ಮೀನಖಂಡದಲ್ಲಿ 2025ರ ಮಾರ್ಚ್‌ನಲ್ಲಿ ಹೀಗೆಯೇ ರಕ್ತ ಹೆಪ್ಪುಗಟ್ಟಿದ್ದು ಪತ್ತೆಯಾಗಿತ್ತು.

ಅಕಿಲೀಸ್ ಹರಿದರೆ ಆಟವೇ ಮುಗಿಯಿತೆಂದು ಹೆದರುವ ಕಾಲ ಇದಲ್ಲ. ಡ್ಯುರಾಂಟ್ ಮರಳಿ ಬಂದು ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಮಿಂಚಿದರು. ಅವರನ್ನು ಮರಳಿ ತಂದದ್ದು ಒಂದೂವರೆ ವರ್ಷದ ತಾಳ್ಮೆ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲೇ ಮೀನಖಂಡಕ್ಕೆ ಕೊಡಬಾರದಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ. ‘ತಾಳಿದವನು ಬಾಳಿಯಾನು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದ್ದುನಿಂತು ನನ್ನೊಡನೆ ವಾದಿಸಿದವರನ್ನು ನಾನು ಎಂದೂ ಕೂರಿಸಿದವನಲ್ಲ. ಎಲ್ಲರಿಗೂ ಶುಭವಾಗಲಿ.