ಅಂಗರಚನಾ ಪ್ರಯೋಗಶಾಲೆಯೂ ದಾಸೋಹಧರ್ಮವೂ

ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಓಣಿಗಳಿಂದಲೂ, ತಿಕೋಟಾ ಬಬಲೇಶ್ವರಗಳ ಹಳ್ಳಿಗಳಿಂದಲೂ ಪ್ರೌಢಶಾಲೆಯನ್ನು ಮುಗಿಸಿ ಹೊರಡುವ ಮಕ್ಕಳಲ್ಲಿ ವೈದ್ಯರಾಗಬೇಕು, ದಾದಿಯರಾಗಬೇಕು, ಔಷಧಶಾಸ್ತ್ರವನ್ನು ಓದಬೇಕು ಎಂಬ ಹಂಬಲವುಳ್ಳವರು ಅನೇಕರು. ಅವರು ಹಿಡಿಯುವ ದಾರಿಗಳು ಬೇರೆ ಬೇರೆಯಾದರೂ ಎಲ್ಲರೂ ಮೊದಲ ವರ್ಷದಲ್ಲಿಯೇ ದಾಟಬೇಕಾದ ಹೊಸ್ತಿಲು ಒಂದೇ. ಅದು ಮನುಷ್ಯ ಶರೀರದ ರಚನೆಯನ್ನೂ ಅದರ ಕ್ರಿಯೆಗಳನ್ನೂ ತಿಳಿಸುವ ಪ್ರಯೋಗಶಾಲೆ. ಕಾಲೇಜು ಎಷ್ಟು ಅಂತಸ್ತಿನದು, ಶುಲ್ಕವೆಷ್ಟು, ಫಲಿತಾಂಶವೆಷ್ಟು ಎಂದು ಪಾಲಕರು ವಿಚಾರಿಸುತ್ತಾರೆ. ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನಿಗಳೂ ಇದ್ದಾರೆ. ಆದರೆ ಆ ಕೋಣೆಯೊಳಗೆ ವಿದ್ಯಾರ್ಥಿಯ ಕೈಗೆ ಏನು ಸಿಗುತ್ತದೆ, ಅವನ ಕಣ್ಣು ಏನನ್ನು ಕಾಣುತ್ತದೆ ಎಂದು ಕೇಳುವವರು ವಿರಳ. ಮುಂದೆ ರೋಗಿಯ ಪ್ರಾಣ ಅವಲಂಬಿಸಿರುವುದು ಈ ಕೇಳದೆ ಉಳಿದ ಪ್ರಶ್ನೆಯ ಮೇಲೆಯೇ.

ಒಂದು ಕಾಲಕ್ಕೆ ಈ ಭಾಗದ ಮಕ್ಕಳಿಗೆ ಶಾಲೆಯೇ ದುರ್ಲಭವಾಗಿತ್ತು. ೧೯೧೦ರಲ್ಲಿ ಡಾ. ಫ.ಗು. ಹಳಕಟ್ಟಿಯವರು ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಬುನಾದಿ ಹಾಕಿದಾಗ ವೈದ್ಯಕೀಯ ಶಿಕ್ಷಣವು ಈ ಬರಗಾಲದ ಜಿಲ್ಲೆಗೆ ಕನಸಿನ ಮಾತು. ಆ ಕನಸು ಕೈಗೂಡಲು ಮುಕ್ಕಾಲು ಶತಮಾನವೇ ಹಿಡಿಯಿತು. ನಗರದಲ್ಲಿ ೧೯೮೪ರಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವೂ, ೧೯೮೬ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವೂ ತಲೆಯೆತ್ತಿದವು. ಆಯುರ್ವೇದ, ಔಷಧಶಾಸ್ತ್ರ, ಶುಶ್ರೂಷಾ ಶಿಕ್ಷಣಗಳೂ ಊರಿಗೇ ಬಂದವು. ಕಾಲೇಜು ಬೇಕು ಎಂಬ ಕೊರಗು ನೀಗಿದೆ. ಇನ್ನುಳಿದಿರುವುದು ಕಲಿಕೆ ಹೇಗಿರಬೇಕು ಎಂಬ ಚಿಂತೆ.

ಇದಕ್ಕೆ ಹಳಕಟ್ಟಿಯವರ ಬಾಳೇ ದಾರಿ ತೋರಿಸುತ್ತದೆ. ಅವರು ವಚನಗಳ ವಿಷಯವನ್ನು ಪರರ ಬಾಯಿಂದ ಕೇಳಿ ತೃಪ್ತರಾಗಲಿಲ್ಲ. ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಕೂಡಿಸಿ, ಬಿಚ್ಚಿ, ಓದಿ, ಒಂದರೊಡನೊಂದನ್ನು ತಾಳೆ ನೋಡಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮೂಲವನ್ನು ಮುಟ್ಟಿ ನೋಡಬೇಕೆಂಬುದು ಅವರ ವಿದ್ಯೆಯ ತಿರುಳು. ಶರೀರವಿದ್ಯೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಮೂಲಗ್ರಂಥವೆಂದರೆ ಶರೀರವೇ. ಮುದ್ರಿತ ಪುಸ್ತಕವು ಅದರ ಟೀಕೆ ಮಾತ್ರ.

ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೂ ಅಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಲಿಟ್ಟು, ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಒಂದೊಂದು ಪದರವನ್ನೂ ಕಣ್ಣಾರೆ ಕಾಣಬೇಕೆಂದು ಸುಶ್ರುತ ಸಂಹಿತೆಯು ವಿಧಿಸಿದೆ. ಸುಶ್ರುತನು ಮೂಳೆಗಳನ್ನು ೩೦೦ ಎಂದು ಎಣಿಸಿದನು. ಹಲ್ಲು ಉಗುರುಗಳನ್ನೂ ಸೇರಿಸಿ ಚರಕನು ೩೬೦ ಎಂದನು. ಇಂದಿನ ಲೆಕ್ಕದಲ್ಲಿ ಪ್ರಾಯದ ಮನುಷ್ಯನಿಗೆ ೨೦೬. ಎಣಿಕೆಯ ಕ್ರಮ ಬೇರೆಯಾಗಿರಬಹುದು, ಆದರೆ ಎಣಿಸಲು ಕೈ ಹಚ್ಚಿದ ಧೈರ್ಯ ಒಂದೇ. ನಡುವೆ ಆ ಧೈರ್ಯವು ಮೈಲಿಗೆಯ ಭಯದಲ್ಲಿ ಉಡುಗಿಹೋಯಿತು. ೧೮೩೬ರಲ್ಲಿ ಕಲಕತ್ತೆಯ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಯಿಟ್ಟಾಗ ಅದು ದೇಶಕ್ಕೇ ದೊಡ್ಡ ಸುದ್ದಿಯಾಯಿತೆಂದರೆ, ಸುಶ್ರುತನ ಪಾಠ ಎಷ್ಟು ಮರೆತುಹೋಗಿತ್ತೆಂಬುದು ತಿಳಿಯುತ್ತದೆ.

ಪ್ರಯೋಗಶಾಲೆಯ ಅಭ್ಯಾಸಕ್ರಮವನ್ನು ರೂಪಿಸುವಲ್ಲಿ ಮೊದಲು ಪಾಲಿಸಬೇಕಾದ ನಿಯಮವೆಂದರೆ ರಚನೆ ಮತ್ತು ಕ್ರಿಯೆಗಳನ್ನು ಒಂದೇ ನೊಗಕ್ಕೆ ಹೂಡುವುದು. ಹಲವೆಡೆ ಅಂಗರಚನೆಯ ಕೋಣೆಯಲ್ಲಿ ಕಾಲಿನ ಸ್ನಾಯುಗಳ ಪಾಠ ನಡೆಯುತ್ತಿರುವಾಗ ಶರೀರಕ್ರಿಯೆಯ ಕೋಣೆಯಲ್ಲಿ ರಕ್ತದ ಕಣಗಳನ್ನು ಎಣಿಸುತ್ತಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲ. ಇದರ ಬದಲು, ಎದೆಗೂಡನ್ನು ಬಿಚ್ಚಿ ಹೃದಯದ ಕವಾಟಗಳನ್ನು ನೋಡಿದ ವಾರವೇ ವಿದ್ಯಾರ್ಥಿಗಳು ಒಬ್ಬರ ಎದೆಯನ್ನೊಬ್ಬರು ಸ್ಟೆತಾಸ್ಕೋಪಿನಿಂದ ಆಲಿಸಲಿ. ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಣ ಕವಾಟಗಳು ಮುಚ್ಚಿದಾಗ ಮೊದಲ ಸದ್ದು, ಮಹಾಧಮನಿ ಹಾಗೂ ಶ್ವಾಸಕೋಶದ ಧಮನಿಯ ಬಾಯಿಯ ಕವಾಟಗಳು ಮುಚ್ಚಿದಾಗ ಎರಡನೆಯ ಸದ್ದು ಎಂಬುದು ಆಗ ಬಾಯಿಪಾಠವಾಗಿ ಉಳಿಯದೆ ಅನುಭವವಾಗುತ್ತದೆ. ಮುಂಗೈಯನ್ನು ಛೇದಿಸಿದ ದಿನ ತೋಳಿಗೆ ಬಟ್ಟೆಯ ಪಟ್ಟಿಯನ್ನು ಬಿಗಿದು, ಉಬ್ಬಿದ ರಕ್ತನಾಳವನ್ನು ಬೆರಳಿನಿಂದ ಒತ್ತಿ, ರಕ್ತವು ಒಂದೇ ದಿಕ್ಕಿಗೆ ಹರಿಯುವುದನ್ನು ಕಾಣಲಿ. ೧೬೨೮ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ಜಗತ್ತಿಗೆ ಮನಗಾಣಿಸಿದ್ದು ಇಂಥ ಸರಳ ಪ್ರಯೋಗದಿಂದಲೇ. ಅದಕ್ಕೆ ತಗಲುವ ವೆಚ್ಚ ಒಂದು ತುಂಡು ಬಟ್ಟೆ.

ಎರಡನೆಯದು ಗುಂಪಿನ ಗಾತ್ರ. ಒಂದು ಮೇಜಿನ ಸುತ್ತ ಮೂವತ್ತು ಜನ ನಿಂತರೆ ಮುಂದಿನ ಐವರು ನೋಡುತ್ತಾರೆ, ಹಿಂದಿನವರು ಮುಂದಿನವರ ಬೆನ್ನನ್ನು ನೋಡುತ್ತಾರೆ. ಔಷಧಶಾಸ್ತ್ರದ ಪದವಿ ವರ್ಗದಲ್ಲಿ ಮೊದಲೆರಡು ಸೆಮಿಸ್ಟರುಗಳಿಗೆ ಈ ವಿಷಯದಲ್ಲಿ ವಾರಕ್ಕೆ ನಾಲ್ಕು ತಾಸು ಪ್ರಯೋಗವುಂಟು. ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಅಳತೆ, ರಕ್ತ ಹೆಪ್ಪುಗಟ್ಟುವ ಕಾಲ, ನಾಡಿ, ರಕ್ತದೊತ್ತಡ ಮೊದಲಾದುವೆಲ್ಲ ಅಲ್ಲಿ ಬರುತ್ತವೆ. ಆ ನಾಲ್ಕು ತಾಸುಗಳಲ್ಲಿ ಪ್ರತಿಯೊಬ್ಬನ ಕೈಗೂ ಸೂಕ್ಷ್ಮದರ್ಶಕ ಬಂದರೆ ಅದು ಪ್ರಯೋಗ, ಇಲ್ಲದಿದ್ದರೆ ಅದು ಹಾಜರಿ. ಶವಚ್ಛೇದನ ಮಾಡದ ದಾದಿಯರ ಹಾಗೂ ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೂ ಛೇದಿಸಿ ಸಿದ್ಧಪಡಿಸಿದ ಅಂಗಗಳನ್ನು ಕಾಣುವ ಅವಕಾಶವಿರಬೇಕು. ಹಿಂದಿನ ವರ್ಷದ ಹಸ್ತಪ್ರತಿಯನ್ನು ಅಂದವಾದ ಅಕ್ಷರಗಳಲ್ಲಿ ನಕಲು ಮಾಡಿ ಅಂಕ ಪಡೆಯುವ ರೂಢಿ ನಿಲ್ಲಬೇಕು. ತಾನು ಎಣಿಸಿದ ಸಂಖ್ಯೆ ಪುಸ್ತಕದ ಸಂಖ್ಯೆಗೆ ಹೊಂದದಿದ್ದರೆ ಹೊಂದಲಿಲ್ಲವೆಂದು ಬರೆದು, ಏಕೆಂದು ವಿಚಾರಿಸುವ ವಿದ್ಯಾರ್ಥಿಗೆ ಹೆಚ್ಚು ಅಂಕ ಸಲ್ಲಬೇಕು. ಪ್ರಾಮಾಣಿಕತೆಯ ಮೊದಲ ಪಾಠ ರೋಗಿಯ ಮಂಚದ ಬಳಿಯಲ್ಲಲ್ಲ, ಈ ದಾಖಲೆಪುಸ್ತಕದಲ್ಲಿ.

ಮೂರನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಕಲಿತ ಜಾಣ ಹುಡುಗಿ ಮೊದಲ ತಿಂಗಳಲ್ಲಿಯೇ ಲ್ಯಾಟಿನ್ ಗ್ರೀಕ್ ಹೆಸರುಗಳ ಅಡವಿಯಲ್ಲಿ ದಿಕ್ಕುಗಾಣದೆ ತಾನು ದಡ್ಡಳೆಂದು ಬಗೆಯುವುದುಂಟು. ಪ್ರತಿ ಮೇಜಿನ ಮೇಲೆ ಕನ್ನಡ ಅರ್ಥಸಹಿತವಾದ ಪದಪಟ್ಟಿಯೊಂದಿದ್ದರೆ ಸಾಕು, ಆ ಭಯ ಅರ್ಧ ಕರಗುತ್ತದೆ. ಟಿಬಿಯಾ ಎಂದರೆ ಮೊಣಕಾಲಿನ ಕೆಳಗೆ ಕೈಗೆ ತಾಗುವ ಮುಂಗಾಲಿನ ಮೂಳೆ ಎಂದು ತಿಳಿದವಳು ಆ ಹೆಸರನ್ನು ಮರೆಯುವುದಿಲ್ಲ. ವೈದ್ಯಪದಗಳಿಗೆ ಕನ್ನಡದಲ್ಲಿ ಕೋಶ ಕಟ್ಟಲು ಡಾ. ಡಿ.ಎಸ್. ಶಿವಪ್ಪನವರಂಥವರು ಪಟ್ಟ ಶ್ರಮವು ಗ್ರಂಥಾಲಯದ ಕಪಾಟಿನಲ್ಲಿ ಉಳಿಯದೆ ಪ್ರಯೋಗಶಾಲೆಯ ಮೇಜಿಗೆ ಬರಬೇಕು.

ನಾಲ್ಕನೆಯದು ಕಣ್ಣಿಗೆ ಬೀಳದ ವ್ಯವಸ್ಥೆಗಳು. ಶವವನ್ನು ಕೆಡದಂತೆ ಇಡುವ ಫಾರ್ಮಲಿನ್ ಕಣ್ಣು ಮೂಗುಗಳನ್ನು ಉರಿಸುವುದಷ್ಟೇ ಅಲ್ಲ, ಅದರ ಆವಿಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೦೪ರಲ್ಲಿಯೇ ನಿರ್ಣಯಿಸಿದೆ. ಆದುದರಿಂದ ಗಾಳಿಯನ್ನು ಹೊರಗೆಳೆಯುವ ಯಂತ್ರವು ಅಮೃತಶಿಲೆಯ ನೆಲಹಾಸಿಗಿಂತ ಮೊದಲು ಬರಬೇಕು. ಬೆರಳು ಚುಚ್ಚುವ ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು, ಬಳಸಿದ್ದು ಮರಳಿ ತಟ್ಟೆಗೆ ಬಾರದಂತೆ ನಾಶವಾಗಬೇಕು. ಉಪಕರಣಗಳನ್ನು ತೊಳೆದು ಒರೆಸಿ ಇಡುವ ಪರಿಚಾರಕನ ಕಾಯಕವು ಪ್ರಾಧ್ಯಾಪಕರ ಕಾಯಕಕ್ಕಿಂತ ಕೀಳಲ್ಲ. ಅವನಿಗೆ ಸಕಾಲಕ್ಕೆ ವೇತನವೂ ಕೈಚೀಲವೂ ದೊರೆಯದ ಪ್ರಯೋಗಶಾಲೆಯಲ್ಲಿ ಶರಣಧರ್ಮದ ಹೆಸರೆತ್ತುವುದು ಸಲ್ಲದು.

ಗಾಜಿನ ಮೇಜಿನ ಮೇಲೆ ಶರೀರವನ್ನು ಪದರಪದರವಾಗಿ ತೋರಿಸುವ ಗಣಕಯಂತ್ರಗಳು ಬಂದಿರುವಾಗ ಶವದ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಆ ಯಂತ್ರಗಳು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಕಪ್ಪೆಯನ್ನು ಕೊಲ್ಲುವ ಹಿಂದಿನ ಪ್ರಯೋಗಗಳ ಸ್ಥಾನವನ್ನು ಅವು ತುಂಬಿರುವುದು ಕರುಣೆಯ ಗೆಲುವೇ ಸರಿ. ಆದರೆ ಯಂತ್ರದಲ್ಲಿ, ಪ್ಲಾಸ್ಟಿಕ್ ಪ್ರತಿಕೃತಿಯಲ್ಲಿ ಕಾಣುವುದು ಎಲ್ಲರದೂ ಆದ, ಯಾರದೂ ಅಲ್ಲದ ಶರೀರ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಮಣಿಕಟ್ಟನ್ನು ತುಸು ಬಾಗಿಸಿದರೆ ನಡುವೆ ಎದ್ದು ಕಾಣುವ ಸ್ನಾಯುರಜ್ಜು ಒಂದಿದೆ. ಕೆಲವರಿಗೆ ಅದು ಇರುವುದೇ ಇಲ್ಲ, ಮತ್ತೆ ಕೆಲವರಿಗೆ ಒಂದೇ ಕೈಯಲ್ಲಿ ಇರುತ್ತದೆ. ಶಾಲೆಯ ಯಾವ ತರಗತಿಯಲ್ಲಿಯೂ ಇದನ್ನು ಪರೀಕ್ಷಿಸಿ ನೋಡಬಹುದು. ಹೊರಗೇ ಇಷ್ಟು ಭೇದವಿದ್ದರೆ ಒಳಗಿನ ನರ ನಾಳಗಳಲ್ಲಿ ಎಷ್ಟಿರಬಹುದು? ಒಬ್ಬ ಮನುಷ್ಯ ಇನ್ನೊಬ್ಬನಂತಲ್ಲ ಎಂಬ ಅರಿವನ್ನು ಶಸ್ತ್ರವೈದ್ಯನಿಗೆ ಕಲಿಸಬಲ್ಲುದು ನಿಜವಾದ ಶರೀರವೊಂದೇ.

ಹಾಗಾದರೆ ಆ ಶರೀರ ಎಲ್ಲಿಂದ ಬರಬೇಕು? ಇಲ್ಲಿ ಮಾತು ನೇರವಾಗಿ ಸಮಾಜದ ಬಾಗಿಲಿಗೆ ಬರುತ್ತದೆ. ೧೮೩೨ರ ಬ್ರಿಟಿಷ್ ಶಾಸನವು ಬಡವರ ಆಶ್ರಯಧಾಮಗಳಲ್ಲಿ ತೀರಿಕೊಂಡ ಅನಾಥರ ದೇಹಗಳನ್ನು ಕಾಲೇಜುಗಳಿಗೆ ಒಪ್ಪಿಸಿತು. ೧೯೫೭ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮವೂ ವಾರಸುದಾರರಿಲ್ಲದ ದೇಹಗಳಿಗೆ ಅಂಥದೇ ದಾರಿ ಮಾಡಿತು. ಅಂದರೆ ತಲೆಮಾರುಗಳ ಕಾಲ ವೈದ್ಯರು ಕಲಿತದ್ದು ಬಹುಮಟ್ಟಿಗೆ ಭಿಕ್ಷುಕರಿಂದ, ದಿಕ್ಕಿಲ್ಲದ ಕೂಲಿಗಳಿಂದ, ಯಾರೂ ಕೇಳಿಕೊಂಡು ಬಾರದ ಮುದುಕರಿಂದ. ಬದುಕಿದ್ದಾಗ ಒಪ್ಪೊತ್ತಿನ ಊಟಕ್ಕೂ ಗತಿಯಿಲ್ಲದವರು ಸತ್ತ ಬಳಿಕ, ತಮ್ಮನ್ನು ಯಾರೂ ಒಂದು ಮಾತು ಕೇಳದಿದ್ದರೂ, ವಿದ್ಯಾದಾನ ಮಾಡಿದರು. ಆ ವಿದ್ಯೆಯ ಫಲವನ್ನು ಉಂಡವರು ಉಳ್ಳವರು. ದಾನ ಕೊಡುವ ಮನೆತನಗಳಿಂದ ಈ ಒಂದು ದಾನ ಮಾತ್ರ ಅಪರೂಪವಾಯಿತು. ಸಮಾನತೆಯನ್ನು ಸಾರಿದ ಶರಣರ ಪರಂಪರೆಗೆ ಇದು ಒಪ್ಪುವ ಮಾತೇ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕು.

ಹಿಂಜರಿಕೆಗೆ ಕಾರಣವಿಲ್ಲದೆ ಇಲ್ಲ. ದೇಹವನ್ನೇ ದೇಗುಲವೆಂದು ಕಂಡ ಧರ್ಮವಿದು. ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ, ವಿಭೂತಿ ಇಷ್ಟಲಿಂಗಗಳೊಡನೆ ಭೂತಾಯಿಯ ಮಡಿಲಿಗೆ ಒಪ್ಪಿಸುವ ಸಂಸ್ಕಾರವು ಕುಟುಂಬಗಳಿಗೆ ಪ್ರಾಣಕ್ಕಿಂತ ಮಿಗಿಲು. ದುಃಖದಲ್ಲಿರುವ ಮಕ್ಕಳ ಈ ಭಾವನೆಯನ್ನು ಮೂಢತನವೆಂದು ಜರೆಯುವುದು ತಪ್ಪು. ಆದರೆ ಸಂಸ್ಕಾರದ ರೂಪಕ್ಕಿಂತ ಅದರ ಹುರುಳು ದೊಡ್ಡದೆಂಬುದಕ್ಕೆ ಈ ನೆಲದಲ್ಲಿಯೇ ನಿದರ್ಶನವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತಮ್ಮ ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ೨೦೨೩ರ ಜನವರಿ ೨ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಭಕ್ತರು ಆ ಇಚ್ಛೆಗೆ ತಲೆಬಾಗಿದರು. ಅದು ದೇಹದಾನದ ಮಾತಲ್ಲ ನಿಜ. ಆದರೂ ಅಳಿದ ದೇಹದ ಮೇಲಿನ ಮೋಹವನ್ನು ಬಿಡುವುದು ಧರ್ಮಕ್ಕೆ ಹೊರತಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು.

ಇನ್ನೊಂದು ನಿದರ್ಶನವು ನೆರೆಯ ಬೆಳಗಾವಿ ಜಿಲ್ಲೆಯದು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವು ವಿದ್ಯಾರ್ಥಿಗಳಿಗೆ ಸಲ್ಲಬೇಕೆಂದು ಬಯಸಿ ೨೦೦೮ರಲ್ಲಿ ನಿಧನರಾದರು. ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರು ತಂದೆಯ ಇಚ್ಛೆಯಂತೆ ೨೦೧೦ರ ನವೆಂಬರದಲ್ಲಿ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಮ್ಮುಖದಲ್ಲಿ ತಾವೇ ಆ ದೇಹವನ್ನು ಛೇದಿಸಿ ಪಾಠ ಹೇಳಿದರು. ಕೇಳಿದವರ ಎದೆ ಝಲ್ಲೆನ್ನುವುದು ಸಹಜ. ಆದರೆ ಮಗನೊಬ್ಬನು ತಂದೆಗೆ ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ಕಠಿನವಾದುದು, ನಿಷ್ಠೆಯದು ಮತ್ತೊಂದಿರಲಾರದು.

ದೇಹದಾನವನ್ನು ಬಯಸುವವರು ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಸಾಕ್ಷಿಗಳ ಸಮಕ್ಷಮ ಪತ್ರ ಬರೆದುಕೊಟ್ಟರೆ ಮುಗಿಯಲಿಲ್ಲ. ಮನೆಯವರೊಡನೆ ಮನಬಿಚ್ಚಿ ಮಾತಾಡಿರಬೇಕು, ಏಕೆಂದರೆ ಕೊನೆಗೆ ಒಪ್ಪಿಸಬೇಕಾದವರು ಅವರೇ. ಮರಣವಾದ ಕೆಲವೇ ತಾಸುಗಳಲ್ಲಿ ಸುದ್ದಿ ತಲುಪಬೇಕು, ವೈದ್ಯರ ಮರಣಪತ್ರ ಜೊತೆಗಿರಬೇಕು. ಅಪಘಾತದಿಂದಾಗಿ ಮರಣೋತ್ತರ ಪರೀಕ್ಷೆಯಾದ ದೇಹವನ್ನೂ, ಅಂಟುರೋಗದಿಂದ ಮಡಿದವರ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕಣ್ಣುಗಳನ್ನು ಮೊದಲು ದಾನ ಮಾಡಿ ಬಳಿಕ ದೇಹವನ್ನು ಕೊಡಲು ಅಡ್ಡಿಯಿಲ್ಲ. ಕಾಲೇಜುಗಳಿಗೂ ಹೊಣೆಯುಂಟು. ೨೦೧೯ರ ಹೊಸ ಪಠ್ಯಕ್ರಮದ ತರುವಾಯ ವಿದ್ಯಾರ್ಥಿಗಳು ಶವದ ಮುಂದೆ ಪ್ರತಿಜ್ಞೆ ಸ್ವೀಕರಿಸುವ ಪದ್ಧತಿ ಬೆಳೆದಿರುವುದು ಒಳ್ಳೆಯದು. ಅದು ಒಂದು ದಿನದ ಶಾಸ್ತ್ರವಾಗದೆ, ಆ ಕೋಣೆಯಲ್ಲಿ ನಗೆಚಾಟಿಕೆ ಛಾಯಾಚಿತ್ರಗಳಿಗೆ ಎಡೆಯಿಲ್ಲದಂತೆ ನಡೆದುಕೊಳ್ಳಬೇಕು. ಅಭ್ಯಾಸ ಮುಗಿದ ಮೇಲೆ ಅವಶೇಷಗಳಿಗೆ ಅಂತ್ಯಕ್ರಿಯೆ ನಡೆಸಿ ದಾನಿಯ ಕುಟುಂಬವನ್ನು ಅಂದು ಕರೆಯಬೇಕು.

ಮಠದ ಶಾಲೆಯು ಇದರಲ್ಲಿ ಮಾಡಬೇಕಾದುದೂ ಇದೆ. ಒಂದು ಅಸ್ಥಿಪಂಜರದ ಪ್ರತಿಕೃತಿ, ನಾಲ್ಕು ಸೂಕ್ಷ್ಮದರ್ಶಕ, ಎರಡು ರಕ್ತದೊತ್ತಡ ಮಾಪಕಗಳಿದ್ದರೆ ಎಂಟನೆಯ ತರಗತಿಯಿಂದಲೇ ಮಕ್ಕಳಿಗೆ ಶರೀರದ ಪರಿಚಯವಾಗುತ್ತದೆ. ಮೆಟ್ಟಿಲು ಹತ್ತುವ ಮುನ್ನ ಮತ್ತು ಹತ್ತಿದ ಬಳಿಕ ತನ್ನ ನಾಡಿಯನ್ನು ಎಣಿಸಿ ಬರೆದ ಹುಡುಗನು ಕಾಲೇಜಿಗೆ ಹೋದಾಗ ಪರಕೀಯನಾಗಿರುವುದಿಲ್ಲ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ಕಲಿಸಿದರೆ ಅದು ಗುರುಋಣದ ತೀರುವಳಿ. ಪ್ರವಚನದ ಪೀಠದಿಂದ ದೇಹದಾನದ ಮಾತು ಒಮ್ಮೆ ಹೊರಟರೆ ಸಾವಿರ ಕರಪತ್ರಗಳು ಮಾಡದ ಕೆಲಸವಾಗುತ್ತದೆ.

ಅನ್ನದಾಸೋಹದ ಒಲೆ ಈ ನಾಡಿನ ಮಠಗಳಲ್ಲಿ ಆರಿಲ್ಲ, ಜ್ಞಾನದಾಸೋಹದ ದೀಪವೂ ಆರಿಲ್ಲ. ಕೊಡುವವನಲ್ಲಿ ಕೊಟ್ಟೆನೆಂಬ ಅಹಂಕಾರ ಉಳಿಯಬಾರದೆಂಬುದು ದಾಸೋಹದ ಒಳಮರ್ಮ. ಹಣ ಕೊಟ್ಟವನಿಗೆ ಕಲ್ಲಿನ ಮೇಲೆ ಹೆಸರಾದರೂ ಉಳಿಯುತ್ತದೆ. ದೇಹವನ್ನು ಕೊಟ್ಟವನಿಗೆ ಮೇಜಿನ ಮೇಲೆ ಹೆಸರಿಲ್ಲ, ಒಂದು ಸಂಖ್ಯೆಯಷ್ಟೇ. ತನ್ನ ಗುರುವಿನ ಹೆಸರನ್ನೂ ಅರಿಯದ ವಿದ್ಯಾರ್ಥಿಯೊಬ್ಬಳು ಆ ಕೈಯ ನಾಳವನ್ನು ಮೊದಲ ಬಾರಿಗೆ ಗುರುತಿಸುತ್ತಾಳೆ. ಮುಂದೊಂದು ರಾತ್ರಿ ತಿಕೋಟಾದ ಯಾವುದೋ ತಾಯಿಯ ತೋಳಿನಲ್ಲಿ ಅದೇ ನಾಳವನ್ನು ತಪ್ಪಿಲ್ಲದೆ ಹಿಡಿಯುತ್ತಾಳೆ. ದಾಸೋಹವು ಪೂರ್ಣವಾಗುವುದು ಅಲ್ಲಿ.